ಗಂಟು ಬಿಚ್ಚದ ಕುಡಿಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಕುಳ್ಳಮ್ಮ ಬಿದಿರಿನ ದುಂಡು ತೆಪ್ಪವನ್ನು ಬೆನ್ನ ಮೇಲೆ ಬೋರಲು ಹೊತ್ತು ನೀರಿಗೆ ತರುತ್ತಾರೆ. ಹಿಂದಿನಿಂದ ನೋಡಿದರೆ ಆಮೆಯೊಂದು ಎದ್ದು ನಡೆದಂತಿದೆ. ಟಾರು ಬಳಿದ ತಳವನ್ನು ಅಂಗೈಯಲ್ಲಿ ಸವರಿ, ಎಲ್ಲೂ ಬಿರುಕಿಲ್ಲವೆಂದು ಗೊತ್ತಾದ ಮೇಲೆ ಹೊಳೆಗೆ ಕೈಮುಗಿದು ನಿಲ್ಲುತ್ತಾರೆ.

"ಸಾಕು ಬಾರಮ್ಮಿ, ಹೊಳೆ ಆಗ್ಲೇ ಎದ್ದದೆ. ಗಿರಾಕಿನೂ ಬಂದವ್ರೆ" ಎಂದು ದಡದ ಕಲ್ಲಿನ ಮೇಲೆ ಬೀಡಿ ಹಚ್ಚಿ ಕೂತ ಗಂಡ ಚೌಡಯ್ಯ ಕೂಗುತ್ತಾರೆ.

"ಎಲ್ರೂ ಎದ್ದವ್ರೆ, ನಿನ್ನೊಬ್ಬನ್ನ ಬುಟ್ಟು."

ಬಿಂಡಿಗನವಿಲೆಯಿಂದ ಬಂದ ಮೂವರು ಗಂಡಸರು ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆ ಹಿಡಿದು ತೆಪ್ಪ ಹತ್ತುತ್ತಾರೆ. ಒಳಗಿರುವುದು ಅವರ ತಂದೆಯ ಬೂದಿ. ಮನೆಯ ಹೆಂಗಸರು ಮೆಟ್ಟಿಲ ಮೇಲೆ ಉಳಿಯುತ್ತಾರೆ. ನಡುನೀರಿಗೆ ಹೋಗುವುದು ಗಂಡಸರು ಮಾತ್ರ. ಹುಟ್ಟು ಹಾಕುವ ಕುಳ್ಳಮ್ಮನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಲವತ್ತಾರರ ಕುಳ್ಳಮ್ಮ ಅರಕೆರೆಯ ಸೋಮಮ್ಮನವರ ಒಬ್ಬಳೇ ಮಗಳು. ಹದಿನಾಲ್ಕು ವರ್ಷದ ಹಿಂದೆ ಚೌಡಯ್ಯನವರ ಭುಜದ ಕೀಲು ಕೆಟ್ಟಾಗ ಹುಟ್ಟು ಇವರ ಕೈಗೆ ಬಂತು. ಮೊದಲ ತಿಂಗಳು ಒಬ್ಬರೂ ಹತ್ತಲಿಲ್ಲ. "ಹೆಂಗ್ಸು ಹುಟ್ಟಾಕದು, ತೆಪ್ಪ ಮಗುಚ್ಕಂಡ್ರೆ ಏನ್ ಗತಿ ಅಂದ್ರು. ಮಗುಚ್ಕಂಡ್ರೆ ಎತ್ತಾಕೋಳೂ ನಾನೇಯ, ಹತ್ತಿ ಅಂದೆ." ಈಗ ದಿನಕ್ಕೆ ನಾಲ್ಕೈದು ಸಲ ನಡುನೀರಿಗೆ ಹೋಗಿಬರುತ್ತಾರೆ, ಭಾನುವಾರ ಹತ್ತು ಸಲ, ಪಿತೃಪಕ್ಷದ ಅಮಾವಾಸ್ಯೆಯಲ್ಲಿ ಮೂವತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಾತ್ರ ತೆಪ್ಪ ದಡದಲ್ಲಿರುತ್ತದೆ.

ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ಸೋಮಮ್ಮ ತೀರಿಕೊಂಡರು. ಗಂಡುಮಕ್ಕಳಿಲ್ಲದ್ದರಿಂದ ಕುಳ್ಳಮ್ಮನ ದೊಡ್ಡಪ್ಪನ ಮಗ ನರಸಯ್ಯ ಕೆ.ಆರ್. ಪೇಟೆಯಿಂದ ಬಂದ. ಕುಡಿಕೆ ಅವನ ಕೈಯಲ್ಲಿತ್ತು, ಹುಟ್ಟು ಮಗಳ ಕೈಯಲ್ಲಿ.

"ಅವ್ನಿಗೆ ನೀರು ಅಂದ್ರೆ ಜೀವಭಯ. ನಡುನೀರಿಗೆ ಬತ್ತಿದ್ದಂಗೆ ಕಣ್ಮುಚ್ಕಂಡು ಎಸೆದ್ಬುಟ್ಟ. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಲೇ ಇಲ್ಲ."

ಬಿಟ್ಟ ಮೇಲೆ ತಿರುಗಿ ನೋಡಬಾರದೆಂಬುದು ವಾಡಿಕೆ. ಆದರೆ ತೆಪ್ಪ ಸುತ್ತುತ್ತಲೇ ದಡಕ್ಕೆ ಬರುತ್ತದೆ. ಹುಟ್ಟು ಹಾಕುವವರು ನೋಡದೆ ಇರಲಾರರು.

"ಕುಡಿಕೆ ಮುಳುಗ್ನಿಲ್ಲ ಕಣವ್ವ. ಅಂಗೇ ತೇಲ್ಕಂಡು ಹೋಯ್ತಿತ್ತು. ಎರಡು ಹುಟ್ಟು ಹಾಕಿದ್ರೆ ಕೈಗೆ ಸಿಕ್ಕದು. ಮುಟ್ಬೇಡ, ನೀನು ಹೆಣ್ಣು, ಕೊಟ್ಟ ಮನೆಯೋಳು ಅಂತ ದಡದಿಂದ ಕೂಗ್ಕಂಡ್ರು. ಚಾಚಿದ್ ಕೈಯ ಹಿಂದಕ್ಕೆ ತಕ್ಕಂಡೆ."

ಬಟ್ಟೆ ನೀರಿನಲ್ಲಿ ನೆನೆದು ತಾನೇ ಬಿಚ್ಚಿಕೊಂಡಿರುತ್ತದೆ ಎಂದು ಆಗ ಎಲ್ಲರೂ ಸಮಾಧಾನ ಹೇಳಿದರಂತೆ.

"ಬಿಚ್ಕಂಡಿರ್ತದೆ. ನಾನ್ ನೋಡ್ನಿಲ್ವಲ್ಲ."

ಕಳೆದ ಮಾಘದಲ್ಲಿ ಶೀಳನೆರೆಯ ಶಾಲೆಯ ಮೇಡಂ ಹೇಮಶ್ರೀ ತಂದೆಯ ಬೂದಿ ತಂದರು. ತಾನೇ ಬಿಡುತ್ತೇನೆಂದಾಗ ಜೊತೆಗೆ ಬಂದಿದ್ದ ಚಿಕ್ಕಪ್ಪ ಒಪ್ಪಲಿಲ್ಲ. ಹೆಣ್ಣುಮಕ್ಕಳು ದಡದಲ್ಲಿರಬೇಕು ಎಂದರು. ಕುಳ್ಳಮ್ಮ ಹುಟ್ಟನ್ನು ಅವರ ಮುಂದೆ ಚಾಚಿದರು. "ನಾನೂ ಹೆಂಗ್ಸೇ ಯಜಮಾನ್ರೆ, ನಾನೂ ದಡದಲ್ಲೇ ಇರ್ತೀನಿ. ತಕ್ಕಳಿ, ನೀವೇ ಹುಟ್ಟಾಕ್ಕಂಡು ಹೋಗ್ಬನ್ನಿ."

ಚೌಡಯ್ಯ ನಕ್ಕ ಸದ್ದು ಆಚೆ ದಡಕ್ಕೂ ಕೇಳಿಸಿತಂತೆ. ಚಿಕ್ಕಪ್ಪ ಮೆಟ್ಟಿಲ ಮೇಲೆ ಕೂತರು.

ನಡುನೀರಿನಲ್ಲಿ ನೋಡಿದರೆ ಕುಡಿಕೆಯ ಬಟ್ಟೆಯ ಗಂಟು ಬಿಗಿದಿತ್ತು. ಹೇಮಶ್ರೀಯ ಉಗುರಿಗೆ ಅದು ಜಗ್ಗಲಿಲ್ಲ. "ಬಿಚ್ಕೊಡ್ಲಾ ಅಂತ ಬಾಯ್ತುದಿಗೆ ಬಂದಿತ್ತು. ಕೇಳ್ನಿಲ್ಲ. ತೆಪ್ಪ ಸುತ್ತಿಸ್ಕಂಡು ಕಾದೆ. ಕೊನೆಗೆ ಹಲ್ಲಾಕಿ ಅವ್ಳೇ ಬಿಚ್ಚುದ್ಲು." ಅಲ್ಲಿಂದ ಈಚೆಗೆ ಆರು ಹೆಂಗಸರು ಈ ತೆಪ್ಪ ಹತ್ತಿದ್ದಾರೆ. ಅದೇ ಕಾರಣಕ್ಕೆ ಕೆಲವು ಗಂಡಸರು ಪಕ್ಕದ ತೆಪ್ಪ ಹುಡುಕಿಕೊಂಡು ಹೋಗುತ್ತಾರೆ. "ಹೋಗ್ಲಿ ಬುಡು. ಅವ್ರೂ ಬದುಕ್ಬೇಕಲ್ಲ."

ದೇವಸ್ಥಾನಕ್ಕೆ ಹೋಗುವುದುಂಟೇ ಎಂದರೆ ಕುಳ್ಳಮ್ಮ ನಗುತ್ತಾರೆ. "ವರ್ಷಕ್ಕೆ ಎರಡು ಸಲ ರಂಗನಾಥನಿಗೆ ಅಡ್ಡಬೀಳ್ತೀನಿ. ಇಲ್ಲಿ ದಿನಾ ಮಂಡಿಯೂರ್ಕಂಡು ಕುಂತಿರ್ತೀನಿ. ನಾ ಮೈಲಿಗೆಯೋ ಮಡಿಯೋ ಅಂತ ಈ ಅವ್ವ ಒಂದಿನಾನೂ ಕೇಳ್ನಿಲ್ಲ." ಅವ್ವ ಎಂದರೆ ಕಾವೇರಿ.

ಬದುಕಿನಲ್ಲಿ ಅವರು ಕೇಳುತ್ತಿರುವುದು ಒಂದೇ. ತನ್ನ ಕುಡಿಕೆಯ ಗಂಟನ್ನು ಮಗಳು ಸುಮ ಬಿಚ್ಚಬೇಕು. ಮೈದುನನ ಮಗ ಕನಕರಾಜುವೇ ಆ ಕೆಲಸಕ್ಕೆಂದು ನೆಂಟರು ಈಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಪಾಂಡವಪುರಕ್ಕೆ ಕೊಟ್ಟಿರುವ ಸುಮ ಅಲ್ಲಿ ಬಟ್ಟೆ ಹೊಲಿಯುತ್ತಾಳೆ, ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ತಾಯಿ ಮೂರು ಸಲ ಕೇಳಿದ್ದಾರೆ. ಮೊದಲ ಸಲ ಮಗಳು "ಸಾಯೋ ಮಾತ್ಯಾಕವ್ವ, ಬುಡು" ಎಂದಳು. ಎರಡನೆಯ ಸಲ ಅತ್ತೆ ಮನೆಯವರು ಏನಂದಾರೋ ಎಂದಳು. ಮೂರನೆಯ ಸಲ ಎದ್ದು ಬಸ್ಸಿಗೆ ಹೋದಳು.

ಬಿಂಡಿಗನವಿಲೆಯವರನ್ನು ಇಳಿಸಿ ಕುಳ್ಳಮ್ಮ ಮೆಟ್ಟಿಲಿಗೆ ತೆಪ್ಪ ಒತ್ತಿ ಹಿಡಿದಿದ್ದಾರೆ. ಮೇಲಿನ ರಸ್ತೆಯಲ್ಲಿ ಬಸ್ಸಿನ ಸದ್ದಾದಾಗ ಕತ್ತೆತ್ತಿ ನೋಡುತ್ತಾರೆ. ಇಳಿದವರು ಬೇರೆ ಯಾರೋ.

"ಮಗ್ಳಿಗೆ ಈಜು ಕಲ್ಸ್‌ದೆ, ಹುಟ್ಟಾಕದ ಕಲ್ಸ್‌ದೆ" ಎನ್ನುತ್ತಾರೆ. "ಊಂ ಕಣವ್ವ ಅನ್ನದ ಮಾತ್ರ ಅವ್ಳೇ ಕಲೀಬೇಕು."