ಸೋಫಾ ಹಿಂದಿನ ಕೇಬಲ್

ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ಲೈಟಕ್ಕ ಅಂತಲೇ ಕರೆಯುತ್ತಿದ್ದರು. ಅಪ್ಪನ ಮೋಟಾರ್ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ದೊಡ್ಡವಳಾದವಳು, ಇಪ್ಪತ್ತೆರಡು ವರ್ಷದಿಂದ ಸಿನಿಮಾದವರಿಗೆ ಬೆಳಕು ಮಾಡಿಕೊಡುತ್ತಿದ್ದಳು. ಚಿತ್ರ ಮುಗಿದು ಪರದೆ ಮೇಲೆ ಹೆಸರುಗಳು ಓಡುವಾಗ, "ಅಮ್ಮಾ, ನಿನ್ನ ಹೆಸರು ಓದೋಷ್ಟರಲ್ಲಿ ಹೋಗೇ ಬಿಡುತ್ತೆ" ಅಂತ ಮಗಳು ದೂರುವಳು. ಹೆಸರು ಹೋದರೆ ಹೋಗಲಿ, ಹೇಳಿದ ಮಾತನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು.

ಆವತ್ತು ಶೂಟಿಂಗ್ ಇದ್ದದ್ದು ಹಳೇ ಕಟ್ಟಡವೊಂದರ ಮೂರನೇ ಮಹಡಿಯ ಮನೆಯಲ್ಲಿ. ಬೆಳಿಗ್ಗೆ ಬಂದವಳೇ ಗೋಡೆಯ ಪ್ಲಗ್ ಬಿಚ್ಚಿ ನೋಡಿದಳು. ಒಳಗಿನ ತಂತಿ ತೆಳ್ಳಗೆ, ಮೇಲಿನ ಹೊದಿಕೆ ಮುಟ್ಟಿದರೆ ಉದುರುವಂತಿತ್ತು.

"ಈ ಮನೆ ಕರೆಂಟು ನಮ್ಮ ಒಂದು ದೊಡ್ಡ ಲೈಟನ್ನೂ ತಡೆಯಲ್ಲ. ಕೆಳಗಿನ ಜನರೇಟರಿಂದ ಕೇಬಲ್ ಎಳೀತೀನಿ."

ಮ್ಯಾನೇಜರ್ ಗಡಿಯಾರ ನೋಡಿದ. "ಒಂದು ಗಂಟೆ ಹೋಗುತ್ತಲ್ಲಕ್ಕ."

"ಮನೇನೇ ಸುಟ್ಟು ಹೋಗೋದಕ್ಕಿಂತ ವಾಸಿ."

ಮೆಟ್ಟಿಲ ಅಂಚಿಗೇ ಕೇಬಲ್ ಎಳೆದು ತಂದಳು. ಉಳಿದ ಉದ್ದವನ್ನು ಕೋಣೆಯ ಮೂಲೆಯಲ್ಲಿ ಸಡಿಲವಾಗಿ ಹರಡಿ, ಮ್ಯಾನೇಜರನಿಗೊಮ್ಮೆ, ಸೆಟ್ ಸಿಂಗರಿಸುವ ಕಲಾ ನಿರ್ದೇಶಕನಿಗೆ ಎರಡು ಸಲ ಹೇಳಿದಳು: "ಇದನ್ನ ಸುತ್ತಿಡಬೇಡಿ. ಸುತ್ತಿಟ್ರೆ ಬಿಸಿ ಹೊರಗೆ ಹೋಗಲ್ಲ, ಕೇಬಲ್ ಕರಗುತ್ತೆ."

"ಆಯ್ತಕ್ಕ, ಆಯ್ತು" ಅಂದರು ಇಬ್ಬರೂ.

ನಾಯಕಿ ಕಾಗದ ಓದುತ್ತಾ ಅಳಬೇಕಿದ್ದ ದೃಶ್ಯ ಅದು. ಆರು ಟೇಕ್ ಆದರೂ ಅಳು ಬರಲಿಲ್ಲ. ಏಳನೆಯದರಲ್ಲಿ ಬಂತು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಅಷ್ಟರಲ್ಲೇ ಲೈಟಕ್ಕನ ಮೂಗಿಗೆ ರಬ್ಬರ್ ಸುಟ್ಟ ವಾಸನೆ ಬಡಿಯಿತು. ಮೂಲೆಯಲ್ಲಿ ಕೇಬಲ್ ಇರಲಿಲ್ಲ. ಕ್ಯಾಮೆರಾ ಕಣ್ಣಿಗೆ ಬೀಳದಂತೆ ಬಗ್ಗಿ ಸೋಫಾ ಹಿಂದೆ ಹೋದಳು. ಅಲ್ಲಿ ಅದನ್ನು ಬಿಗಿಯಾಗಿ ಸುತ್ತಿ, ಅಂದವಾಗಿ ದಾರ ಕಟ್ಟಿ, ಮೇಲೆ ಕಂಬಳಿ ಬೇರೆ ಹೊದಿಸಿಟ್ಟಿದ್ದರು. ಮುಟ್ಟಿದ ಬೆರಳು ಚುರ್ರೆಂದಿತು. ಯಾರನ್ನೂ ಕೇಳಲಿಲ್ಲ, ಬಾಗಿಲ ಹೊರಗಿದ್ದ ಕರೆಂಟಿನ ಪೆಟ್ಟಿಗೆಯ ಸ್ವಿಚ್ ಕೆಳಗೆಳೆದಳು.

"ಯಾರದು ಆರಿಸಿದ್ದು?" ನಿರ್ದೇಶಕ ಕೂಗಿದ. "ನಾನೇ" ಅಂದಳು. ನಾಯಕಿ ಮುಖ ಮುಚ್ಚಿಕೊಂಡು ಎದ್ದು ಹೋದಳು.

ಲೈಟಕ್ಕ ಕಂಬಳಿ ಎತ್ತಿ ತೋರಿಸಿದಳು. ಕೇಬಲಿನ ಹೊದಿಕೆ ಮೆತ್ತಗಾಗಿ ಸೋಫಾ ಬಟ್ಟೆಗೆ ಅಂಟಿಕೊಂಡಿತ್ತು.

"ಫ್ರೇಮಲ್ಲಿ ಅಸಹ್ಯವಾಗಿ ಕಾಣ್ತಿತ್ತು" ಅಂದ ಕಲಾ ನಿರ್ದೇಶಕ.

"ಸರಿಯಾಗಿ ಹೇಳಬೇಕಿತ್ತಲ್ಲ ಅಕ್ಕ" ಅಂದ ನಿರ್ದೇಶಕ.

ಇದು ಮೊದಲ ಸಲವೇನಲ್ಲ. ಏನೂ ಆಗದಿದ್ದರೆ ಅವಳಿಗೆ ಅತಿ ಭಯ ಅನ್ನುವರು, ಏನಾದರೂ ಆದರೆ ಅವಳದೇ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೇಬಲ್ ಬದಲಿಸಿ ಹರಡುತ್ತಾ ಕೂತಳು. ಸಂಜೆವರೆಗೆ ಮತ್ತೆ ಐದು ಟೇಕ್ ತೆಗೆದರು. ನಾಯಕಿಗೆ ಕಣ್ಣೀರು ಬರಲೇ ಇಲ್ಲ. ಕೊನೆಗೆ ಕಣ್ಣಿಗೆ ಹನಿ ಹಾಕಿ ಮುಗಿಸಿದರು. ಲೈಟಕ್ಕ ಬೆಳಕು ಬದಲಿಸಲು ಹತ್ತಿರ ಹೋದಾಗಲೆಲ್ಲ ನಾಯಕಿ ಅವಳತ್ತ ತಿರುಗಿ ಕೂಡ ನೋಡಲಿಲ್ಲ. ಅದೊಂದು ಮಾತ್ರ ಮನಸ್ಸಿಗೆ ಚುಚ್ಚಿತು. ಆ ಹುಡುಗಿ ಅಷ್ಟು ಚೆನ್ನಾಗಿ ಅತ್ತಿದ್ದಳು.

ಹೊರಡುವಾಗ ಮ್ಯಾನೇಜರ್ ದಿನದ ವರದಿಗೆ ಸಹಿ ಕೇಳಿದ. "ಲೈಟಿನವರ ಕಡೆಯಿಂದ ಎರಡು ಗಂಟೆ ತಡ" ಅಂತ ಬರೆದಿತ್ತು.

"ಯಾಕೆ ತಡ ಆಯ್ತು ಅಂತ ಬರೀರಿ."

"ಬಿಡಿ ಅಕ್ಕ, ಇದನ್ನ ಯಾರು ಓದ್ತಾರೆ?"

"ಯಾರೂ ಓದದೇ ಇದ್ರೆ ಬರೆಯೋಕೇನು ಕಷ್ಟ?"

ಅವನು ಪೆನ್ನು ತಿರುಗಿಸುತ್ತಾ ನಿಂತ. ಅವಳೂ ನಿಂತಳು. ಮಡಚಿದ ಕೇಬಲುಗಳೆಲ್ಲ ವ್ಯಾನಿಗೇರಿ ಚಾಲಕ ಎರಡು ಸಲ ಹಾರ್ನ್ ಹೊಡೆದ ಮೇಲೆ, "ಕೇಬಲ್ ಸುತ್ತಿಟ್ಟಿದ್ದರಿಂದ" ಅಂತ ಸಣ್ಣ ಅಕ್ಷರದಲ್ಲಿ ಸೇರಿಸಿದ. ಯಾರು ಸುತ್ತಿಟ್ಟರು ಅಂತ ಬರೆಯಲಿಲ್ಲ. ಲೈಟಕ್ಕ ಎರಡು ಸಲ ಓದಿ, ಸಹಿ ಹಾಕಿ, ಮೆಟ್ಟಿಲಿಳಿದಳು.