ನೋಡುವ ಶಾಸ್ತ್ರಕ್ಕೆ ಎರಡು ಹಾಡು

ಬಂಗಾರಪೇಟೆಯಲ್ಲಿ ಸಂಗೀತ ಬೇಕು ಅಂತ ಸಂಗೀತ ಕಲಿತ ಹುಡುಗಿ ಒಬ್ಬಳೂ ಇರಲಿಲ್ಲ. ಗಂಡ ಬೇಕು ಅಂತ ಕಲಿಯುತ್ತಿದ್ದರು. ವೆಂಕಟರತ್ನಮ್ಮ ಈ ಮಾತನ್ನು ಯಾರ ಎದುರಿಗೂ ಬಾಯಿಬಿಟ್ಟು ಆಡಿದವಳಲ್ಲ. ಆಡಿದ್ದರೆ ಅವಳ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಆದರೆ ಪಾಠ ಹೇಳುತ್ತಾ ಕೂತಾಗಲೆಲ್ಲ ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದಳು.

ಅದು ಊರಿಗೆ ಹೊಸದಾಗಿ ಹತ್ತಿದ್ದ ಹುಚ್ಚು. ಬೆಂಗಳೂರಿನ ವಕೀಲರ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಕೈಲಿ ಹಾಡಿಸುತ್ತಾರಂತೆ ಎಂಬ ಸುದ್ದಿ ರೈಲು ಹತ್ತಿ ಇಲ್ಲಿಗೂ ಬಂದು ಇಳಿದಿತ್ತು. ಹುಣಸೆಹಣ್ಣಿನ ಮಂಡಿಯವರು, ಗಣಿಗೆ ಸೌದೆ ಹಾಕುವ ಕಂಟ್ರಾಕ್ಟರರು, ಮೊನ್ನೆ ಮೊನ್ನೆಯವರೆಗೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಎಲ್ಲರೂ ಸ್ವಲ್ಪ ಅನುಕೂಲ ಕಂಡದ್ದೇ ತಡ, ಮಗಳಿಗೆ ಶ್ರುತಿಪೆಟ್ಟಿಗೆ ತರಿಸಿದರು. ಬೇಕಾಗಿದ್ದದ್ದು ಎರಡೇ ಹಾಡು. ದೇವಿಯ ಮೇಲಿನ ಕನ್ನಡದ ಕೀರ್ತನೆ ಒಂದು. ಬಂದವರು "ಇನ್ನೊಂದು ಏಳಮ್ಮ" ಎಂದರೆ ಇರಲಿ ಎಂದು ತೆಲುಗಿನದು ಮತ್ತೊಂದು. ಬಂದವರಾದರೂ ಎಂಥವರು! ಪಲ್ಲವಿ ಮುಗಿಯುವುದರೊಳಗೆ ಅರ್ಧ ಜನ ಬೋಂಡಾದ ತಟ್ಟೆಗೆ ಕೈ ಹಾಕಿರುತ್ತಿದ್ದರು. ತಾಳಿ ಬಿದ್ದ ದಿನ ಶ್ರುತಿಪೆಟ್ಟಿಗೆ ಅಟ್ಟ ಸೇರುತ್ತಿತ್ತು, ತಂಗಿಯ ಸರದಿ ಬರುವವರೆಗೆ ಅದು ಅಲ್ಲೇ.

ವೆಂಕಟರತ್ನಮ್ಮನ ತಾಯಿ ಕನಕಮ್ಮ ಮುಳಬಾಗಿಲು ಕಡೆಯ ಒಂದು ದೇವಸ್ಥಾನದಲ್ಲಿ ಹಾಡಿ ಕುಣಿಯುತ್ತಿದ್ದ ಮನೆತನದವಳು. ಸರ್ಕಾರ ಆ ಸೇವೆಯನ್ನೇ ನಿಲ್ಲಿಸಿತು. ದೇವರಿಗೆ ಬೇಡವಾದ ಹಾಡು ಊರಿಗೂ ಬೇಡವಾಯಿತು. ತಾಯಿ ಕೊರಗಿ ಕೊರಗಿ ಸತ್ತಳು. ಮಗಳು ಬಂಗಾರಪೇಟೆಗೆ ಬಂದು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಪಾಠ ಶುರು ಮಾಡಿದಳು. ಅವಳು ಎಲ್ಲಿಯವಳು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಪಾಠ ಹೇಳಲು ಹುಡುಗಿಯರ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಬೇಕು. ವಯಸ್ಸು ಐವತ್ತು ದಾಟಿದರೂ ಮನೆಯೊಡತಿಯರು "ನೀನು" ಅನ್ನುತ್ತಾರೆ, ಅನ್ನಿಸಿಕೊಳ್ಳಬೇಕು. ಹೆಣ್ಣು ನೋಡುವ ದಿನ ಯಾರ ಕಣ್ಣಿಗೂ ಬೀಳಬಾರದು. "ಯಾರತ್ರ ಕಲಿತೆ?" ಎಂದು ಗಂಡಿನವರು ಕೇಳಿದರೆ "ಗ್ರಾಮಫೋನ್ ಪ್ಲೇಟು ಕೇಳಿ" ಎನ್ನಬೇಕೆಂದು ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಆ ಉತ್ತರವನ್ನೂ ನಾಲ್ಕು ಸಲ ಒಪ್ಪಿಸಿಕೊಂಡು ಗಟ್ಟಿ ಮಾಡಿಸುವ ಕೆಲಸ ವೆಂಕಟರತ್ನಮ್ಮನದೇ.

ಇಷ್ಟು ವರ್ಷ ಕಲಿಸಿದ ಮೇಲೆ ಕಲಿಕೆಯ ಬಗ್ಗೆ ಅವಳಿಗೆ ಉಳಿದಿದ್ದ ನಂಬಿಕೆ ಒಂದೇ. ದನಿ ಇಲ್ಲದವರಿಗೂ ಕಲಿಸಬಹುದು, ಕಿವಿ ಇಲ್ಲದವರಿಗೆ ಆಗದು. ಈ ಹುಡುಗಿಯರು ಹಾಡುವಾಗ ತಮ್ಮ ದನಿಯನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಒಳಗಿನಿಂದ ಅಮ್ಮ ಯಾವಾಗ ಕರೆಯುತ್ತಾಳೋ ಎಂದು ಅವರ ಗಮನ ಅಲ್ಲೇ ಇರುತ್ತಿತ್ತು. ತಪ್ಪು ಅವರದೂ ಅಲ್ಲ. ನೀರು ತರಬೇಕು, ಹಿಟ್ಟು ಬೀಸಬೇಕು, ತಮ್ಮಂದಿರನ್ನು ಎತ್ತಿ ಆಡಿಸಬೇಕು, ನಡುವೆ ಸಿಕ್ಕ ಹೊತ್ತಿನಲ್ಲಿ ಗಂಡನನ್ನು ಒಲಿಸುವ ಹಾಡನ್ನೂ ಕಲಿಯಬೇಕು.

ಹೀಗಿರುವಾಗ ಹುಣಸೆಹಣ್ಣಿನ ಮಂಡಿಯ ಚಿಕ್ಕವೆಂಕಟಪ್ಪನ ಹಿರಿಯ ಮಗಳು ಆದಿಲಕ್ಷ್ಮಿ ಪಾಠಕ್ಕೆ ಕೂತಳು. ಪಾಠ ಶುರುವಾದ ವಾರದಲ್ಲೇ ಒಂದು ಮಧ್ಯಾಹ್ನ ಮಾರಿಕುಪ್ಪಂ ಗಾಡಿ ಸ್ಟೇಷನ್ನಿನಲ್ಲಿ ಸೀಟಿ ಹಾಕಿತು. ಹುಡುಗಿ ಹಾಡು ನಿಲ್ಲಿಸಿ, "ಟೀಚರಮ್ಮ, ಗಾಡಿ ಕೂಗಿದ್ದು ನಮ್ಮ ಪೆಟ್ಗೆ ಪಂಚಮಕ್ಕೆ ಸರಿಯಾಗೈತಲ್ವಾ? ಒಂಚೂರು ಕಮ್ಮಿ" ಅಂದಳು.

ವೆಂಕಟರತ್ನಮ್ಮ ಇದನ್ನು ಬಹಳ ಹಿಂದೆಯೇ ಗಮನಿಸಿದ್ದಳು. ಯಾರಿಗೆ ಹೇಳುವುದು? ಹೇಳಿದರೆ ಅರ್ಥವಾಗುವ ಒಂದು ಪ್ರಾಣಿಯೂ ಈ ಊರಿನಲ್ಲಿ ಇಲ್ಲವೆಂದು ಕೈಬಿಟ್ಟಿದ್ದಳು. ಅವತ್ತು ಮನೆಗೆ ಹೋಗಿ ಸುಮ್ಮನೆ ಕೂತು ಅತ್ತಳು. ಸಂತೋಷಕ್ಕೋ ಹೊಟ್ಟೆಯುರಿಗೋ ಅವಳಿಗೇ ತಿಳಿಯಲಿಲ್ಲ. ಸಾಯುವ ಮುಂಚೆ ತಾಯಿಯ ಹಾಡು ಇನ್ನೊಂದು ಗಂಟಲಿಗೆ ದಾಟಿದರೆ ಸಾಕು, ಅದಕ್ಕಿಂತ ಹೆಚ್ಚಿನದು ತನಗೇನೂ ಬೇಡ ಎಂದುಕೊಂಡಳು.

ಎರಡು ಹಾಡು ಎರಡು ತಿಂಗಳಲ್ಲಿ ಮುಗಿದವು. ಪಾಠ ಮುಗಿಯಲಿಲ್ಲ. ಹಿತ್ತಲ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಹುಡುಗಿ ರಾಗ ಎಳೆಯುತ್ತಿದ್ದಳು, ಇವಳು ಎದುರು ಕೂತು ತಾನೂ ಬೀಜ ಬಿಡಿಸುತ್ತಾ ತಿದ್ದುತ್ತಿದ್ದಳು. ಹುಡುಗಿಯ ತಾಯಿ ನರಸಮ್ಮನಿಗೆ ಅನುಮಾನ ಬಂತು.

"ಎಲ್ಡು ಆಡೂ ಬಂದೋದ್ವಲ್ಲ ರತ್ನಮ್ಮ, ಇನ್ನೂ ಏನ್ ಕಲಿಸ್ತಾ ಇದ್ದೀಯೆ?"

"ಗಟ್ಟಿ ಆಗ್ಲಿ ಅಂತ ಅಮ್ಮ."

"ಏನೋ ಪುಣ್ಯಾತ್ಗಿತ್ತಿ. ಬೀಜ ಆದ್ರೂ ಬಿಡಿಸಿಕೊಡ್ತೀಯಲ್ಲ."

ದೇವಿಯ ಕೀರ್ತನೆ ಆನಂದಭೈರವಿಯದು. ಊರಿನ ಹುಡುಗಿಯರೆಲ್ಲ ಹಾಡುತ್ತಿದ್ದದ್ದೇ. ಆದರೆ ಅದರ ಚರಣದ ಕೊನೆಯಲ್ಲಿ ಕನಕಮ್ಮ ಹಾಕುತ್ತಿದ್ದ ಒಂದು ತಿರುವು ಇತ್ತು. ದನಿ ಇಳಿದು ಇಳಿದು, ಇನ್ನು ಮುಗಿಯಿತು ಎನ್ನುವ ಹೊತ್ತಿಗೆ ಕೆಳಗಿನಿಂದ ಮೆಲ್ಲಗೆ ಏಳುತ್ತಿತ್ತು. ಅತ್ತು ಸಾಕಾದ ಮಗು ಮತ್ತೆ ಬಿಕ್ಕಿದ ಹಾಗೆ. ಅದನ್ನು ವೆಂಕಟರತ್ನಮ್ಮ ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಬೋಂಡಾ ತಿನ್ನುವವರ ಮುಂದೆ ಅದನ್ನು ಹಾಕಿಸಲು ಮನಸ್ಸು ಬಂದಿರಲಿಲ್ಲ. ಆದಿಲಕ್ಷ್ಮಿಗೆ ಕೊಟ್ಟಳು. ಹುಡುಗಿ ಮಳೆಗಾಲವೆಲ್ಲ ಅದರ ಹಿಂದೆ ಬಿದ್ದು, ಒಂದು ದಿನ ಮೊರದಿಂದ ತಲೆ ಎತ್ತದೆಯೇ ಹಾಡಿಬಿಟ್ಟಳು. ಇವಳ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಸತ್ತ ತಾಯಿ ಹಿತ್ತಲಿಗೆ ಬಂದು ಕೂತಂತಾಯಿತು.

ಅದೇ ವರ್ಷ ರಾಬರ್ಟ್‌ಸನ್‌ಪೇಟೆಯಿಂದ ಸಂಬಂಧ ಬಂತು. ಹುಡುಗ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ಅವನ ತಾತ ವೆಂಕಟರಾಮಪ್ಪ ಗಣಿಗೆ ಮರ ಹಾಕುವ ದೊಡ್ಡ ಕಂಟ್ರಾಕ್ಟರು, ಮನೆಯಲ್ಲಿ ಅವನದೇ ಮಾತು. ಚಿಕ್ಕವೆಂಕಟಪ್ಪ ನೆಲದ ಮೇಲೆ ನಿಲ್ಲಲಿಲ್ಲ.

ನೋಡುವ ಶಾಸ್ತ್ರದ ಹಿಂದಿನ ದಿನ ವೆಂಕಟರತ್ನಮ್ಮ ಮಾಡಬಾರದ ಕೆಲಸ ಮಾಡಿದಳು. ತಿರುವಿಲ್ಲದೆ ಸಾದಾ ಹಾಡು ಸಾಕಾಗಿತ್ತು. ಸಾದಾ ಹಾಡಿಗೇ ಊರಿನ ಹುಡುಗಿಯರಿಗೆಲ್ಲ ಗಂಡ ಸಿಕ್ಕಿದ್ದ. ಆದರೆ ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಅದು ಕೇಳಲಿ ಎಂಬ ಆಸೆ ಅವಳನ್ನು ಬಿಡಲಿಲ್ಲ. "ನಾಳೆ ಅದನ್ನೂ ಹಾಡು" ಎಂದಳು. ನರಸಮ್ಮನ ಕೈಕಾಲು ಹಿಡಿದು, ಹುಡುಗಿಗೆ ಧೈರ್ಯಕ್ಕೆ ಬೇಕಾಗುತ್ತದೆ ಎಂದು ಸುಳ್ಳು ಹೇಳಿ, ಅಡುಗೆಮನೆಯ ಹಿಂದೆ ಒರಳಿನ ಪಕ್ಕ ಕೂರಲು ಒಪ್ಪಿಗೆ ಪಡೆದಳು.

ಮಾರನೆಯ ದಿನ ನಡುಮನೆಯಲ್ಲಿ ಹುಡುಗಿ ಹಾಡತೊಡಗಿದಳು. ಬಾಗಿಲ ಸಂದಿಯಿಂದ ಕಾಣುತ್ತಿದ್ದದ್ದು ಮುದುಕ ವೆಂಕಟರಾಮಪ್ಪ ಒಬ್ಬನೇ. ಅವನು ತಟ್ಟೆ ಮುಟ್ಟಿರಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಪರವಾಗಿಲ್ಲ, ಕೇಳುವವನು ಒಬ್ಬನಾದರೂ ಬಂದಿದ್ದಾನೆ ಎಂದು ಇವಳಿಗೆ ಜೀವ ಹಗುರಾಯಿತು. ಚರಣದ ಕೊನೆ ಬಂತು. ದನಿ ಇಳಿಯಿತು, ನಿಂತಿತು, ಮೆಲ್ಲಗೆ ಎದ್ದಿತು. ಮುದುಕನ ಕೈ ಮೇಲೆತ್ತಿದ್ದು ಕೆಳಗೆ ಬೀಳಲೇ ಇಲ್ಲ. ಆಗ ಅವನ ಮುಖವನ್ನು ನೆಟ್ಟಗೆ ನೋಡಿದ ವೆಂಕಟರತ್ನಮ್ಮನಿಗೆ ಬಿಳಿ ಮೀಸೆಯ ಹಿಂದಿನ ಕಪ್ಪು ಮೀಸೆ ನೆನಪಾಯಿತು. ತಾನು ಚಿಕ್ಕವಳಿದ್ದಾಗ ತಾಯಿಯ ಮನೆಗೆ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದವನು, ತನಗೆ ಕಲ್ಲುಸಕ್ಕರೆ ಕೊಟ್ಟು ಹೊರಗೆ ಆಡಲು ಕಳಿಸುತ್ತಿದ್ದವನು ಇವನೇ.

"ಯಾರತ್ರ ಕಲಿತೆ ತಾಯಿ ಇದನ್ನ?" ಎಂದು ಕೇಳಿದ.

"ಗ್ರಾಮಫೋನ್ ಪ್ಲೇಟು ಕೇಳಿ" ಎಂದಳು ಆದಿಲಕ್ಷ್ಮಿ.

ತಾನೇ ಬಾಯಿಪಾಠ ಮಾಡಿಸಿದ್ದ ಮಾತು. ಎಷ್ಟೋ ಹುಡುಗಿಯರು ಹೇಳಿದ್ದಾರೆ, ಏನೂ ಅನ್ನಿಸಿರಲಿಲ್ಲ. ಈ ಸಲ ತನ್ನ ತಾಯಿಯೇ ಇರಲಿಲ್ಲ ಅಂದಂತೆ ಕೇಳಿಸಿತು.

ವೆಂಕಟರಾಮಪ್ಪ ಎತ್ತಿದ ಕೈಯನ್ನು ತೊಡೆಯ ಮೇಲೆ ಇಳಿಸಿ ಹೇಳಿದ. "ಉಡ್ಗಿ ಒಪ್ಗೆ ಚಿಕ್ಕವೆಂಕಟಪ್ಪ. ಆದ್ರೆ ಒಂದ್ ಮಾತು. ನಮ್ಮನೇಲಿ ಎಣ್ಮಕ್ಳು ಆಡೋದಿಲ್ಲ. ತಾಳಿ ಕಟ್ಟಿದ ಮ್ಯಾಕೆ ಈ ಆಡು ಗೀಡು ನಿಲ್ಲಬೇಕು."

"ಅಯ್ಯೋ, ಅದೇನ್ ದೊಡ್ ಮಾತು ಸಾಮಿ! ಈವತ್ತೇ ನಿಂತೋಯ್ತು ಅನ್ಕಳಿ" ಎಂದು ಚಿಕ್ಕವೆಂಕಟಪ್ಪ ನಕ್ಕ. ಎಲ್ಲರೂ ನಕ್ಕರು. ಆದಿಲಕ್ಷ್ಮಿ ತಲೆ ತಿರುಗಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಇವಳು ಸಂದಿಯಿಂದ ಹಿಂದೆ ಸರಿದಳು.

ಕೈ ತೊಳೆಯುವ ನೆಪದಲ್ಲಿ ಮುದುಕ ಹಿತ್ತಲಿಗೆ ಬಂದ. ಒರಳಿನ ಪಕ್ಕ ಕೂತವಳನ್ನು ಕಂಡು ನಿಂತ.

"ಕನಕಮ್ಮನ ಮಗಳು ರತ್ನ ಅಲ್ವಾ ನೀನು? ಕೇಳಿದ ಕೂಡ್ಲೆ ಅನ್ಕಂಡೆ, ಇಲ್ಲೇ ಎಲ್ಲೋ ಇರ್ತೀಯ ಅಂತ. ಅಂಗೇ ಐತೆ. ಒಂದ್ ಎಳೆ ಆಚೀಚೆ ಆಗಿಲ್ಲ." ಅವನ ಕಣ್ಣು ತುಂಬಿತ್ತು.

"ಅಷ್ಟು ಚೆನ್ನಾಗಿದ್ರೆ ನಿಲ್ಲಿಸಬೇಕು ಅಂತ ಯಾಕಂದ್ರಿ ಸಾಮಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಮಮ್ಮನ ಮನೆಗೆ ಓಗೋದು ಬಿಟ್ಟ ಮ್ಯಾಕೂ ಅದನ್ನೇ ಗುನುಗ್ತಿದ್ದೆ. ಉಣ್ಣೋವಾಗ, ನೀರಾಕ್ಕಳೋವಾಗ. ಎಲ್ಲಿಂದ ಕಲ್ತು ಬಂದಿದ್ದು ಅಂತ ನನ್ ಎಂಡ್ರಿಗೆ ಗೊತ್ತಿತ್ತು. ಅದನ್ನ ಕೇಳಿ ಕೇಳಿ ಅವಳು ಹಾಕಿರೋ ಕಣ್ಣೀರು ನಿಂಗೇನ್ ಗೊತ್ತು? ಕಾಲು ನೋವು ಅಂತ ಈವತ್ತು ಬಂದಿಲ್ಲ, ದೇವ್ರು ದೊಡ್ಡೋನು. ಈ ಉಡ್ಗಿ ನಮ್ಮ ನಡುಮನೇಲಿ ಅದನ್ನ ಆಡಿದ್ರೆ ಆ ಮುದುಕಿಗೆ ತಿಳೀದೆ ಇರ್ತದಾ?"

"ಆ ಒಂದು ತಿರುವು ಬಿಟ್ಟು ಬೇರೆಯದು ಹಾಡ್ಕೊಳ್ಲಿ ಸಾಮಿ. ನಾನೇ ಹೇಳ್ತೀನಿ ಅವಳಿಗೆ. ಒಂದು ಸಲ ಹೇಳಿದ್ರೆ ಕೇಳ್ತಾಳೆ."

ವೆಂಕಟರಾಮಪ್ಪ ಯೋಚನೆ ಮಾಡಿದ. "ಬ್ಯಾಡ. ಯಾವ್ದ್ರ ಜೊತೆ ಯಾವ್ದು ಬತ್ತದೋ ಯಾರಿಗ್ಗೊತ್ತು. ನಿಂತೋಗ್ಲಿ" ಎಂದು ಬಾಯಿ ಮುಕ್ಕಳಿಸಿ ಉಗಿದು ಒಳಗೆ ಹೋದ.

ಆ ಮುದುಕಿಯ ಮೇಲೆ ವೆಂಕಟರತ್ನಮ್ಮನಿಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಅಳುತ್ತಿದ್ದೆ ಅನ್ನಿಸಿತು. ಹಾಡಿನ ಸುಖ ಉಂಡವನು ಇವನೊಬ್ಬ, ದಂಡ ಕಟ್ಟುತ್ತಿರುವವರೆಲ್ಲ ಹೆಂಗಸರು. ಆದರೆ ತನ್ನ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸುವುದು? ಸಾದಾ ಹಾಡಿಸಿದ್ದರೆ ಮುದುಕನೂ ಬೋಂಡಾ ತಿಂದು ಎದ್ದು ಹೋಗುತ್ತಿದ್ದ. ಹುಡುಗಿ ಗಂಡನ ಮನೆಯ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ ಜೀವಮಾನವಿಡೀ ಹಾಡಿಕೊಂಡಿರುತ್ತಿದ್ದಳು. ಯಾರೂ ಬೇಡ ಅನ್ನುತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳುತ್ತಿರಲಿಲ್ಲ. ಒಬ್ಬನಿಗೆ ಕೇಳಿಸಬೇಕೆಂದು ಹೋಗಿ ತಾನೇ ಅವಳ ಬಾಯಿ ಕಟ್ಟಿದೆ ಎಂದುಕೊಂಡಳು.

ಮದುವೆಗೆ ಅವಳನ್ನು ಕರೆಯಲಿಲ್ಲ. ಉಳಿದ ಲಾಡು, ಚಿರೋಟಿ ಎಲೆಯಲ್ಲಿ ಕಟ್ಟಿ ಆಳಿನ ಕೈಲಿ ಕಳಿಸಿದರು.

ಮೊದಲ ಹೆರಿಗೆಗೆ ಆದಿಲಕ್ಷ್ಮಿ ತವರಿಗೆ ಬಂದಾಗ ವೆಂಕಟರತ್ನಮ್ಮ ಹಿತ್ತಲ ಬಾಗಿಲಿಗೆ ಹೋದಳು. ಹುಡುಗಿ ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಳು, ಮೂಗಿನಲ್ಲಿ ಬೇಸರಿ ಹೊಳೆಯುತ್ತಿತ್ತು. "ಇಲ್ಲಿ ನಿಮ್ಮತ್ತೆ ಮನೆಯವರು ಯಾರೂ ಇಲ್ವಲ್ಲ, ಒಂದು ಸಾಲು ಹಾಡ್ತೀಯೇನೇ?" ಎಂದು ಕೇಳಿಯೇಬಿಟ್ಟಳು.

"ಮರ್ತೋಯ್ತು ಟೀಚರಮ್ಮ" ಎಂದಳು ಆದಿಲಕ್ಷ್ಮಿ.

ನಿಜವಾಗಿ ಮರೆತಿದ್ದಾಳೋ, ನೆನಪಿದ್ದೂ ಹಾಗೆ ಅಂದಳೋ ಇವಳಿಗೆ ಗೊತ್ತಾಗಲಿಲ್ಲ. ಕೆದಕಿ ಕೇಳಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ನರಸಮ್ಮ ಹೊಸ ಸೀರೆಯೊಂದನ್ನು ಹಿಡಿದುಕೊಂಡು ಬಂದಳು.

"ಚಿಕ್ಕೋಳು ಅಂಜಮ್ಮಂಗೂ ಸುರು ಮಾಡ್ಬುಡು ರತ್ನಮ್ಮ. ಆದ್ರೆ ಒಂದ್ ಮಾತು ಏಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ದೊಡ್ಡೋಳಿಗೆ ಕಲಿಸಿದಷ್ಟು ಚೆಂದಾಕೆ ಇವಳಿಗೆ ಕಲಿಸ್ಬ್ಯಾಡ ಕಣಮ್ಮ. ಅಷ್ಟು ಚೆಂದಾಕೆ ಆಡಿದ್ರೆ ಬಂದೋರಿಗೆ ಏನೋ ಅನ್ಸುತ್ತೆ. ಒಂಚೂರು ಬಾಯಾಡಿಸೋದ್ ಬಂದ್ರೆ ಸಾಕು."

ವೆಂಕಟರತ್ನಮ್ಮ ಸೀರೆಗೆ ಕೈಯೊಡ್ಡಿ, "ಆಗ್ಲಮ್ಮ" ಎಂದಳು. ಬೇರೆ ಏನು ತಾನೇ ಅನ್ನಬಹುದಿತ್ತು?

ಅಂಜಮ್ಮ ಪಾಠಕ್ಕೆ ಕೂತಳು. ಮೊದಮೊದಲು ಎಲ್ಲ ಹುಡುಗಿಯರ ಹಾಗೆ ಗೋಡೆ ನೋಡಿಕೊಂಡು ಒದರುತ್ತಿದ್ದಳು, ವೆಂಕಟರತ್ನಮ್ಮನೂ ನಿಶ್ಚಿಂತೆಯಾಗಿ ತಲೆಯಾಡಿಸುತ್ತಿದ್ದಳು. ಒಂದು ದಿನ ಹುಡುಗಿ ಪಲ್ಲವಿಯ ನಡುವೆ ತಟ್ಟನೆ ನಿಂತಳು. ಕತ್ತು ವಾರೆ ಮಾಡಿ ಶ್ರುತಿಪೆಟ್ಟಿಗೆಯ ಕಡೆ ಕಿವಿ ಇಟ್ಟಳು. ಎಲ್ಲೋ ಜಾರಿದ್ದ ಸ್ವರವನ್ನು ಒಳಗೊಳಗೇ ಹುಡುಕಿ, ಎತ್ತಿ, ಸರಿಯಾದ ಜಾಗದಲ್ಲಿ ಕೂರಿಸಿದಳು. ಅವಳಿಗೇ ಆಶ್ಚರ್ಯವಾಗಿ, ಕಣ್ಣರಳಿಸಿ, ಶಹಭಾಸ್ ಅನ್ನಿಸಿಕೊಳ್ಳಲು ಟೀಚರಮ್ಮನ ಮುಖ ನೋಡಿದಳು.

"ಅಲ್ಲಿ ಯಾಕೆ ನಿಂತೆ? ಅಷ್ಟೆಲ್ಲ ಹುಡುಕೋದು ಬೇಡ. ಮುಂದಿನ ಸಾಲು ಹೇಳು" ಎಂದಳು ವೆಂಕಟರತ್ನಮ್ಮ.

ಅಂಜಮ್ಮ ಜಾಣೆ, ಹೇಳಿಕೊಟ್ಟದ್ದನ್ನು ಒಂದೇ ಸಲಕ್ಕೆ ಕಲಿತಳು. ಮಾರನೆಯ ದಿನದಿಂದ ಶ್ರುತಿಯ ಕಡೆ ಕಿವಿ ಕೊಡುವುದನ್ನು ಬಿಟ್ಟಳು.