ಹಿತ್ತಲ ಗೋಡೆಯ ಹತ್ತು ಅಂಕಿ

ನಿನ್ನೆ ನಮ್ಮ ಶಾಲೆಗೆ ಸುಣ್ಣ ಬಳಿಯುತ್ತಿದ್ದರು. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವನ ಬಾಗೇವಾಡಿಯಲ್ಲಿ ನಾನು ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿದ್ದ, ಅತ್ತಿಗೆಯ ಸಲಿಗೆಯಿಂದ ನಾನು ವೈನಿ ಎನ್ನುತ್ತಿದ್ದ ಹೆಂಗಸು ನೆನಪಾದರು. ಹಿಂದೆಯೇ ಹಳೆಯ ಸಿಟ್ಟೂ ಬಂತು.

ನಾನಾಗ ಹೊಸದಾಗಿ ಸೇರಿದ್ದ ಗಣಿತದ ಮಾಸ್ತರ. ವೈನಿಯನ್ನು ತವರೂರು ಇಂಗಳೇಶ್ವರದಲ್ಲಿ ಆರನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಲೆಕ್ಕದ ಹುಚ್ಚನ್ನು ಮಾತ್ರ ಯಾರಿಗೂ ಬಿಡಿಸಲಾಗಿರಲಿಲ್ಲ. ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯ ಇದ್ದಿಲು ತೆಗೆದುಕೊಂಡು ಹಿತ್ತಲ ಗೋಡೆಯ ಮೇಲೆ ಅಂಕಿ ಬರೆಯುತ್ತಿದ್ದರು. ಒಂದು ದಿನ ನನ್ನನ್ನು ಕರೆದು ತೋರಿಸಿದರು: 3816547290.

ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿ, ಒಂದೊಂದೇ ಸಲ. ಮೊದಲ ಎರಡಂಕಿಯ 38 ಎರಡರಿಂದ ಭಾಗವಾಗುತ್ತದೆ. ಮೂರಂಕಿಯ 381 ಮೂರರಿಂದ, ನಾಲ್ಕಂಕಿಯ 3816 ನಾಲ್ಕರಿಂದ... ಹೀಗೆ ಪೂರ್ತಿ ಸಂಖ್ಯೆ ಹತ್ತರಿಂದ. ಎಲ್ಲಿಯೂ ಶೇಷ ಉಳಿಯುವುದಿಲ್ಲ.

“ಐದನೇ ಮನ್ಯಾಗ ಐದು, ಹತ್ತನೇ ಮನ್ಯಾಗ ಸೊನ್ನಿ. ಅವು ಅಳ್ಳಾಡಂಗಿಲ್ರಿ ಸರ. ಉಳಿದವ್ನ ಏಳರ ಭಾಗ ಒಂದ ಬಿಟ್ಟು ಸೋಸಿದ್ರ ಕಡೀಕ ಹತ್ತು ಸಂಖ್ಯಾ ಸಿಗ್ತಾವ. ಮೊದಲ ಏಳಂಕಿ ಏಳರಿಂದ ಭಾಗಿಸಿದ್ರ ಅದ್ರಾಗ ಒಂಬತ್ತು ಬಿದ್ದು ಹೋಗ್ತಾವ, ಇದೊಂದ ಉಳೀತೈತಿ. ಇಂಥಾದು ಬ್ಯಾರೆ ಇಲ್ಲ, ಹೌದಲ್ರಿ? ನೋಡಿ ಹೇಳ್ರಿ.”

ಪುರುಸೊತ್ತಾದಾಗ ನೋಡುತ್ತೇನೆ ಎಂದೆ. ಚೀಟಿಯಲ್ಲಿ ಬರೆದುಕೊಂಡು ಪುಸ್ತಕದೊಳಗೆ ಇಟ್ಟೆ... ಅಷ್ಟೇ.

ಆ ಗೋಡೆ ಹಿಂದಿನ ಓಣಿಗೆ ಕಾಣುತ್ತಿತ್ತು. ಗೋಡೆಯ ಮೇಲೆ ಅಂಕಿ ಬರೆದು ಅಳಿಸುವವರು ಮಟ್ಕಾದವರೇ ಎಂದು ನಮ್ಮ ಕಡೆ ಎಲ್ಲರ ನಂಬಿಕೆ. ಗಂಡಸು ಬರೆದಿದ್ದರೆ ಇವತ್ತಿನ ನಂಬರು ಯಾವುದೆಂದು ಕೇಳಿಕೊಂಡು ಬರುತ್ತಿದ್ದರು. ಹೆಂಗಸು ಬರೆದದ್ದಕ್ಕೆ ಮಾನ ಮರ್ಯಾದೆಯ ಮಾತು ಎದ್ದಿತು. ಹಗಲೆಲ್ಲ ಮಟ್ಕಾ ಚೀಟಿ ಹಿಡಿದು ಕಟ್ಟೆ ಕಾಯುವ ಮಂದಿಯೇ ಆಕೆಯ ಗಂಡನಿಗೆ ಬುದ್ಧಿ ಹೇಳಲು ಬಂದರು. ನಾಚಿಕೆಗೆಟ್ಟವರು.

ಗಂಡ ಅವರೆಲ್ಲರ ಎದುರಿಗೆ ನನ್ನನ್ನು ಕರೆಸಿದ. “ನೀವು ಕಲ್ತವ್ರು ಅದೀರಿ. ಇದು ಲೆಕ್ಕಾನೋ ಮಟ್ಕಾನೋ, ಒಂದ ಮಾತು ಹೇಳ್ರಿ ಸರ.”

ವೈನಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಲೆಕ್ಕವೆಂದು ನನಗೆ ಗೊತ್ತಿತ್ತು. ಅಲ್ಲಿಯೇ ಭಾಗಿಸಿ ತೋರಿಸಬಹುದಿತ್ತು. ಆದರೆ ಆರನೆಯ ತರಗತಿ ಓದಿದಾಕೆ ಕಂಡದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅಷ್ಟು ಜನರೆದುರು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

“ನಾ ಇನ್ನೂ ಪೂರಾ ನೋಡಿಲ್ರಿ,” ಎಂದೆ.

ಮಧ್ಯಾಹ್ನದೊಳಗೆ ಗೋಡೆಗೆ ಸುಣ್ಣ ಬಿತ್ತು. ಗಂಡ ಪಕ್ಕದಲ್ಲಿ ನಿಂತು ಆಕೆಯ ಕೈಯಿಂದಲೇ ಬಳಿಸಿದ. ನನಗೆ ಮುದ್ದೇಬಿಹಾಳಕ್ಕೆ ವರ್ಗವಾಗುವ ತನಕ ವೈನಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ...

ಇಷ್ಟು ವರ್ಷ ಆ ಗಂಡನ ಮೇಲೆ, ಕಟ್ಟೆಯವರ ಮೇಲೆ ಹಲ್ಲು ಕಡಿದೆ. ಅದು ಸುಲಭವಿತ್ತು. ನಿನ್ನೆ ಸಂಜೆ ಮೊದಲ ಸಲ ಕಾಗದ ಹಿಡಿದು ಕುಳಿತೆ. ಒಂದು ತಾಸಿನ ಕೆಲಸ. ಹತ್ತು ಸಿಕ್ಕವು, ಒಂಬತ್ತು ಬಿದ್ದವು, ಆಕೆ ಹೇಳಿದ್ದೊಂದೇ ಉಳಿಯಿತು. ತಿಳಿಸೋಣವೆಂದರೆ ವೈನಿ ತೀರಿಕೊಂಡು ಎರಡು ವರ್ಷವಾಗಿದೆ. ಆ ಓಣಿಯಲ್ಲಿ ಈಗಲೂ ಅವರ ಮಾತು ಬಂದರೆ ‘ಮಟ್ಕಾದಾಕಿ’ ಅನ್ನುತ್ತಾರಂತೆ. ಅಂದು ನಾನು ಬಾಯಿ ಬಿಟ್ಟಿದ್ದರೆ ‘ಲೆಕ್ಕದಾಕಿ’ ಅನ್ನುತ್ತಿದ್ದರು.